ಏಳನೇ ರಾಡಿನ ಪುಡಿ

ಠಾಣಾ ಕುಶನೂರ
14-3-1986, ಸಂಜೆ ಐದು ಗಂಟೆ

ಮಗಳೇ ಶಾಲು,

ಹೈದರಾಬಾದಿನಲ್ಲಿ ಇಟ್ಟಿಗೆ ಹೊತ್ತು ಹೊತ್ತು ನಿನ್ನ ಬೆನ್ನುನೋವು ಹೆಚ್ಚಾಗಿಲ್ಲ ತಾನೆ? ಕೂಸಿನ ಕೆಮ್ಮು ನಿಂತಿತೇ? ನಾನು, ನಿನ್ನ ಅತ್ತೆ ಆರಾಮಿದ್ದೇವೆ. ಟ್ಯಾಂಕರು ಮೂರು ದಿನಕ್ಕೊಮ್ಮೆ ಬರುತ್ತದೆ. ಓಣಿಯ ಅರ್ಧ ಮನೆಗಳಿಗೆ ಬೀಗ.

ಇವತ್ತು ಮುಂಜಾನೆ ಬೀದರದಿಂದ ನೆಲದ ನೀರು ನೋಡುವ ಸರ್ಕಾರಿ ಜೀಪೊಂದು ಬಂತು. ನಮ್ಮ ಮಾಣಿಕ ಕಳೆದ ಮೇ ತಿಂಗಳಲ್ಲಿ ಯಂತ್ರ ಹಚ್ಚಿ ಓಣಿಗಾಗಿ ಕೊರೆದನಲ್ಲ, ಆ ಒಣ ಬೋರಿಗೆ ಕಲ್ಲು ತುಂಬಿ ಮುಚ್ಚುವ ಮೊದಲು ಒಮ್ಮೆ ಪರೀಕ್ಷೆ ಮಾಡಬೇಕಂತೆ. ಅದಕ್ಕೆ ಒಳಗೆ ನೀರು ನಿಂತಿರಬೇಕು ಎಂದು ಟ್ಯಾಂಕರಿನ ನೀರನ್ನೇ ಸುರಿದರು. ನಮ್ಮ ಓಣಿಯ ಜಿಜಾಬಾಯಿ ಕೊಡ ಬಡಿದು, "ನಮಗ ಕುಡಿಯಾಕ ಇಲ್ಲ, ಕಲ್ಲಿಗಿ ಕುಡಸ್ತೀರೇನ್ರಿ?" ಎಂದಳು. ಜೀಪಿನಲ್ಲಿ ಬಂದಿದ್ದ ಗೌಸೋದ್ದೀನ ಸಾಹೇಬರು ಲಟ್ಟಣಿಗೆಯಂಥ ಕೊಳವೆಯೊಂದನ್ನು ತಂತಿಗೆ ಕಟ್ಟಿ ತಳಕ್ಕೆ ಇಳಿಸಿದರು. ಅದನ್ನು ಮೇಲೆಳೆದ ಹಾಗೆ ಜೀಪಿನೊಳಗೆ ಕಾಗದದ ಪಟ್ಟಿಯ ಮೇಲೆ ಪೆನ್ನು ತಾನೇ ಗೆರೆ ಎಳೆಯಿತು. ಗಟ್ಟಿ ಕರಿಕಲ್ಲು ಇದ್ದಲ್ಲೆಲ್ಲ ಗೆರೆ ಬಲಕ್ಕೆ. ನೂರರಿಂದ ನೂರನಲವತ್ತು ಅಡಿಯ ನಡುವೆ ಮಾತ್ರ ಎಡಕ್ಕೆ ವಾಲಿತ್ತು.

"ಬರೇ ಕೆಂಪು ಮಣ್ಣಿದ್ರೂ ಗೆರಿ ಹಿಂಗೇ ಬರ್ತದರಿ, ನೀರು ಹಿಡದ ತೂತುಗಲ್ಲಿದ್ರೂ ಹಿಂಗೇ. ಕೊರಿಯೋವಾಗ ಪುಡಿ ಯಾರರೆ ನೋಡ್ಯಾರೇನ್ರಿ?" ಎಂದರು ಸಾಹೇಬರು.

ನಾನು ಮನೆಗೆ ಹೋಗಿ ನನ್ನ ಹಳೆಯ ಡೈರಿ ತಂದೆ. ಕೊರೆಯುವಾಗ ಇಪ್ಪತ್ತು ಅಡಿಯ ಒಂದೊಂದು ರಾಡು ಇಳಿದಾಗಲೂ ಮಾಣಿಕ ಮೇಲೆ ಬಂದ ಕಲ್ಲಿನ ಪುಡಿಯನ್ನು ಅಂಗೈಯಲ್ಲಿ ಹಿಡಿದು, "ಅಪ್ಪಾ, ಬರಕೊ" ಎನ್ನುತ್ತಿದ್ದ. ನೂರಡಿ ದಾಟಿದ ಆರನೇ ರಾಡು, ಕೆಂಪು. ಏಳನೇ ರಾಡು, ಬೂದಿ ಬಣ್ಣ, ಅಕ್ಕಿನುಚ್ಚಿನಂಥ ಬಿಳಿ ಹರಳು. ಸಾಹೇಬರು ಎರಡು ಸಲ ಓದಿದರು. "ಬಿಳಿ ಹರಳು ಅದಾವಂದ್ರ ಏಳನೇದು ತೂತುಗಲ್ಲೇ ರಿ. ಮ್ಯಾಲಿನ ಕೆಂಪು ಇಳದು ಅದರ ಬಾಯಿ ಮೆತ್ಯಾದ. ಗಾಳಿ ಬಿಟ್ಟು ತೊಳದು ನೋಡೋಣು. ನೀರು ಬಂದೇ ಬರ್ತದ ಅಂತ ಮಾತು ಕೊಡಲ್ಲರಿ."

"ಮಾಣಿಕ ನೀರು ತಗೀಲಿಲ್ಲ, ಹೊಗಿ ತಗದ" ಎಂದು ಬೋರಿನಿಂದ ಎದ್ದ ಧೂಳು ನೋಡಿ ಓಣಿಯವರು ನಕ್ಕಿದ್ದರು. ಅವನು ಜ್ವರದಲ್ಲಿ ತೀರಿಕೊಂಡ ಮೇಲೂ ಆ ಮಾತು ನಿಲ್ಲಲಿಲ್ಲ. ಅದನ್ನು ಕೇಳಲಾರದೆ ನೀನು ಖಾಲಿ ಕೊಡ ಇಟ್ಟು ಹೋದೆ. ಇವತ್ತು ಯಾರೂ ನಗಲಿಲ್ಲ.

ಕೂಸಿಗೆ ಅಜ್ಜನ ಮುದ್ದು. ಜೊತೆಯವರಿಗೆಲ್ಲ ಜೈಭೀಮ ಹೇಳು.

ನಿನ್ನ ಮಾವ,
ಕಾಶೀರಾಮ

ತಾ.ಕ.: ಡೈರಿಯ ಅದೇ ಪುಟದಲ್ಲಿ ಇನ್ನೆರಡು ಸಾಲು ಇವೆ. "ಅಪ್ಪಾ, ಕೆಂಪು ಮೆತ್ಯಾದ, ತೊಳೀತೀನಿ" ಎಂದ ಮಾಣಿಕ. "ಹೊತ್ತು ಮುಳುಗ್ತು, ಸಾಕು ಬಿಡು" ಎಂದವನು ನಾನು. ನೀನು ಊರು ಬಿಡಲು ಗಂಟು ಕಟ್ಟಿದ ದಿನವೂ ನಾನು ಇದನ್ನು ಹೇಳಲಿಲ್ಲ. ಇವತ್ತು ಜಿಜಾಬಾಯಿಯ ಮುಂದೆಯೇ ಗಟ್ಟಿಯಾಗಿ ಓದಿದೆ. ನಾಳೆ ಮುಂಜಾನೆ ಎಂಟು ಗಂಟೆಗೆ ಗಾಳಿ ಬಿಟ್ಟು ಬೋರು ತೊಳೆಯುವ ಕಂಪ್ರೆಸರ್ ಬರುತ್ತದೆ.