ಗೂಡಿನಿಂದ ಕೇಳಿದ ಹೆಸರು

ಗಿಂಬಾಲ್,
ಏಪ್ರಿಲ್ ೧೪, ಮಂಗಳವಾರ ಮಧ್ಯಾಹ್ನ

ನನ್ನ ಇಂದಾಯ್, ಮುದ್ದು ಮಗಳು ಅರಾಸೆಲಿಗೆ, ಅಮ್ಮನ ಮುತ್ತುಗಳು.

ಹೇಗಿದ್ದೀಯೇ? ಸೊಂಟನೋವು ಇಳಿಯಿತಾ? ಕೆಲಸದ ಮನೆಯ ಆ ಇಟಲಿಯ ಅಜ್ಜಿಯನ್ನು ಎತ್ತಿ ಕೂರಿಸಿ, ಎತ್ತಿ ಮಲಗಿಸಿ, ನಿನ್ನ ಸೊಂಟಕ್ಕೇ ಮುಪ್ಪು ಬಂದಿರಬೇಕು. ಶುಂಠಿ ಹಾಕಿ ಕಾಸಿದ ತೆಂಗಿನೆಣ್ಣೆ ಕಳಿಸಿದ್ದೆನಲ್ಲ, ಹಚ್ಚಿಕೋ. ಬರೀ ಬ್ರೆಡ್ಡು ತಿಂದು ದಿನ ದೂಡಬೇಡ, ಒಂದು ಹಿಡಿ ಅನ್ನ ಬೇಯಿಸಿಕೋ. ನಾನು ಗಟ್ಟಿಯಾಗಿದ್ದೇನೆ, ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ. ಪಕ್ಕದ ಮನೆ ಮರ್ಸೆಲಾಳ ಮಗ ನಾಳೆ ವಿಮಾನ ಹತ್ತುತ್ತಾನೆ, ಅವನ ಕೈಯಲ್ಲಿ ಈ ಕಾಗದ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಮುಖ ಕಂಡು ನನಗೆ ಅಳು, ನನ್ನ ಮುಖ ಕಂಡು ನಿನಗೆ ಅಳು. ಸಮಾಚಾರ ಹೇಳುವವರು ಯಾರು?

ಸಮಾಚಾರ ದೊಡ್ಡದೇ ಇದೆ. ನಮ್ಮ ಊರಿನವರೆಲ್ಲ ಸೇರಿ ಆ ಹಳೆಯ ಸರ್ಸುವೆಲಾ ಹಾಡುನಾಟಕವನ್ನು, ನಾನು ಹಾಡುತ್ತಿದ್ದ ‘ಉಪ್ಪಿನ ಗದ್ದೆಯ ರಾಣಿ’ಯನ್ನು, ಮತ್ತೆ ಆಡಿಸುತ್ತಿದ್ದಾರೆ. ಚರ್ಚಿನ ಮುಂದಿನ ಚೌಕದಲ್ಲಿ ಬಿದಿರಿನ ರಂಗ ಎದ್ದಿದೆ. ರಾಣಿಯ ಪಾತ್ರ ಯಾರದು ಗೊತ್ತಾ? ನಿನ್ನ ಮಗಳು ಮಯುಮಿಯದು! ನನ್ನ ಹಳೆಯ ಅನಾನಸ್ ನಾರಿನ ರವಿಕೆ ಅವಳಿಗೆ ಹೊಲಿಸಿದ ಹಾಗೆ ಕೂತಿತು. ಅದನ್ನು ತೊಟ್ಟು ಬಾಗಿಲಲ್ಲಿ ನಿಂತಾಗ ನಾನು ಅವಳನ್ನು ನೋಡುತ್ತಿದ್ದೇನೋ, ನನ್ನನ್ನೇ ನೋಡುತ್ತಿದ್ದೇನೋ ತಿಳಿಯದೆ ಸುಮ್ಮನೆ ಕುಳಿತುಬಿಟ್ಟೆ. ಒಲೆಯ ಮೇಲಿನ ಮೀನು ಸೀದುಹೋಯಿತು. ಮಾತು ಮರೆತವರಿಗೆ ಪಿಸುಗುಟ್ಟಿ ಪ್ರಾಂಪ್ಟ್ ಮಾಡುವವರು ಈಗ ಯಾರೂ ಇಲ್ಲ, ಹಾಗಾಗಿ ರಂಗದ ಮುಂದಿನ ಗೂಡಿನಲ್ಲಿ, ನಿನ್ನಪ್ಪ ಕೂರುತ್ತಿದ್ದ ಜಾಗದಲ್ಲಿ, ಪುಸ್ತಕ ಹಿಡಿದು ನಾನೇ ಕೂರುತ್ತೇನೆ. ಅಲ್ಲಿಂದ ಪಾತ್ರಗಳ ಪಾದಗಳೇ ಮೊದಲು ಕಾಣುತ್ತವೆ. ಮಯುಮಿಯ ಹೆಬ್ಬೆರಳು ಥೇಟ್ ನಿನ್ನದೇ.

ಆ ಗೂಡಿನ ಕಥೆ ನಿನಗೆ ಎಷ್ಟು ಸಲ ಹೇಳಿದ್ದೇನೋ, ಇನ್ನೊಂದು ಸಲ ಕೇಳು. ನೀನು ಕೈಕೂಸು. ಕಿವಿನೋವು ಬಂದು ಯಾರ ಹತ್ತಿರವೂ ನಿಲ್ಲಲೊಲ್ಲೆ. ನಿನ್ನಪ್ಪ ನಿನ್ನನ್ನು ಮಡಿಲಲ್ಲಿ ಹಾಕಿಕೊಂಡೇ ಗೂಡು ಹೊಕ್ಕರು. ಕೊನೆಯ ಹಾಡು, ರಾಣಿ ಕಡಲ ದಂಡೆಯಲ್ಲಿ ನಿಂತು ಬೆಳಗನ್ನು ಕರೆಯುವುದು, ‘ಕಡಲು ದಾಟಿ ಬಾ ಮನೆಗೆ, ಓ ಬೆಳಗೇ’ ಅಂತ. ಕೊನೆಯ ಮಾತು ನನಗೆ ಮರೆತೇ ಹೋಯಿತು. ಗೂಡಿನ ಕಡೆ ಬಾಗಿದೆ. ಅದೇ ಗಳಿಗೆಗೆ ನೀನು ಅತ್ತೆ, ನಿನ್ನಪ್ಪ “ಅರಾಸೆಲಿ, ಅರಾಸೆಲಿ” ಎಂದು ಪಿಸುಗುಟ್ಟಿ ತಟ್ಟುತ್ತಿದ್ದರು. ಅದೇ ಮಾತು ಅಂದುಕೊಂಡು ನಾನು ಗಂಟಲೆತ್ತಿ ಹಾಡಿಬಿಟ್ಟೆ, ‘ಕಡಲು ದಾಟಿ ಬಾ ಮನೆಗೆ, ಅರಾಸೆಲಿ!’ ನಿನ್ನಪ್ಪ ಹಣೆ ಚಚ್ಚಿಕೊಂಡರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವತ್ತಿನಿಂದ ಊರಿಗೆ ಊರೇ ಹಾಗೆಯೇ ಹಾಡುತ್ತದೆ, ಮೀನು ಮಾರುವವಳಿಂದ ಹಿಡಿದು ಪಾದ್ರಿಯವರೆಗೆ. ಪುಸ್ತಕದಲ್ಲಿ ಇಲ್ಲದ ಮಾತು ಇನ್ನು ಮೇಲೆ ಗೂಡಿನಿಂದ ಹೊರಡಕೂಡದು ಎಂದು ನಿನ್ನಪ್ಪ ಆಮೇಲೆ ಕಟ್ಟಳೆ ಮಾಡಿಕೊಂಡರು.

ಈಗ ನಾಟಕ ಕಲಿಸುತ್ತಿರುವವರು ಪಟ್ಟಣದಿಂದ ಬಂದ ಸಂಗೀತದ ಮೇಷ್ಟ್ರು ಡೆನ್ವರ್. ಒಳ್ಳೆಯವರು, ಕುತ್ತಿಗೆ ಮಾತ್ರ ಕೊಕ್ಕರೆಯದು. ಅಚ್ಚಾದ ಪುಸ್ತಕದಲ್ಲಿ ‘ಬೆಳಗೇ’ ಅಂತಿದೆ, ಹಾಗೇ ಹಾಡಬೇಕು ಎಂದರು. ಮೇಳದವರೆಲ್ಲ ಗಲಾಟೆ ಎಬ್ಬಿಸಿದರು. ಮಯುಮಿ ಮಾತ್ರ ತಣ್ಣಗೆ, “ಸರ್ ಹೇಳಿದ್ದೇ ಸರಿ. ಬರದೇ ಇರೋರನ್ನ ಎಷ್ಟು ಅಂತ ಕರೆಯೋದು?” ಅಂದಳು. ಅಜ್ಜ ತೀರಿಕೊಂಡಾಗಲೂ ನೀನು ಬರಲಿಲ್ಲವೆಂಬ ಸಿಟ್ಟು ಅವಳಿಗೆ ಇನ್ನೂ ಆರಿಲ್ಲ, ನಿನ್ನ ಫೋನು ಎತ್ತದೆ ಇರುವುದೂ ಅದಕ್ಕೇ. ರಜೆ ಕೊಡಲಿಲ್ಲ, ಪಾಪ ನಿನ್ನಮ್ಮ ಏನು ಮಾಡುತ್ತಾಳೆ ಎಂದು ಅವಳಿಗೆ ನಾನು ಹೇಳಿದ್ದೂ ಹೇಳಿದ್ದೇ. ಗೋಡೆಗಾದರೂ ಹೇಳಬಹುದಿತ್ತು.

ಮೊನ್ನೆ ಶನಿವಾರ ಸಂಜೆ ವೇಷ ಹಾಕಿಕೊಂಡು ತಾಲೀಮು. ಕಡಲ ಗಾಳಿ ಪರದೆಯನ್ನು ಉಬ್ಬಿಸುತ್ತಿತ್ತು, ಗಿಟಾರುಗಳ ನಾದ ನೀರಿನ ಮೇಲಿಂದ ಬಂದ ಹಾಗಿತ್ತು. ಅರ್ಧ ಕಣ್ಣು ಮುಚ್ಚಿದರೆ ನಿನ್ನಪ್ಪ ಪಕ್ಕದಲ್ಲೇ ಕೂತು ಪುಟ ತಿರುವಿದಂತೆ. ಕೊನೆಯ ಹಾಡು ಬಂತು. ‘ಕಡಲು ದಾಟಿ ಬಾ ಮನೆಗೆ’ ಎಂದ ಮಯುಮಿ ನಿಂತೇಬಿಟ್ಟಳು. ಗಿಟಾರುಗಳು ಅದೇ ಸ್ವರ ಸುತ್ತುತ್ತಾ ಕಾದವು. ಅವಳು ನನ್ನನ್ನೇ ನೋಡಿದಳು. ನಿನ್ನ ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಆಣೆಗೂ ಬಂದಿತ್ತು. ಆದರೆ ನಿನ್ನಪ್ಪನ ಜಾಗದಲ್ಲಿ ಕೂತವಳು ನಾನು. “ಬೆಳಗೇ” ಎಂದು ಪಿಸುಗುಟ್ಟಿದೆ. ಕೇಳಿಸದವಳಂತೆ ನಿಂತಳು. ಇನ್ನೊಂದು ಸಲ, ಜೋರಾಗಿ, “ಬೆಳಗೇ ಕಣೇ!” ಅಂದೆ. ತಲೆ ಅಲ್ಲಾಡಿಸಿದಳು. ಆಮೇಲೆ ಹಾಡಿದಳು, ಇಂದಾಯ್, ನಿನ್ನ ಹೆಸರು ಹಿಡಿದು ಹಾಡಿದಳು. ನನ್ನ ಕಾಲದಲ್ಲೂ ನಾನು ಹಾಗೆ ಹಾಡಿರಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ನಾನಂತೂ ಗೂಡಿನಲ್ಲಿ ಕೂತು ಗೊಳೋ ಎಂದು ಅತ್ತೆ, ಪುಸ್ತಕದ ಪುಟವೆಲ್ಲ ಒದ್ದೆ.

ಸಾಕು, ಬಾಗಿಲಲ್ಲಿ ಮರ್ಸೆಲಾ ನಿಂತು ಅವಸರ ಮಾಡುತ್ತಿದ್ದಾಳೆ. ನೀನು ನೋಡಿಕೊಳ್ಳುವ ಅಜ್ಜಿಗೆ ನನ್ನ ವಂದನೆ ಹೇಳು. ಮಾತೆ ಮರಿಯಳು ನಿನ್ನ ತಲೆ ಕಾಯಲಿ, ನಿನ್ನ ಸೊಂಟವನ್ನೂ ಕಾಯಲಿ.

ನಿನ್ನ ಅಮ್ಮ,
ಕೊರಾಸೊನ್

ತಾ.ಕ. ನಾಟಕ ಮೇ ಹದಿನಾರು, ಶನಿವಾರ. ನಿನ್ನೆ ಮೇಷ್ಟ್ರು ಮಯುಮಿಯನ್ನು, “ಕೊನೆಗೂ ಯಾವ ಮಾತು ಹಾಡ್ತೀಯಮ್ಮ?” ಎಂದು ಕೇಳಿದ್ದಕ್ಕೆ, “ಈಗ ಹೇಳಲ್ಲ ಸರ್, ಮುಂದಿನ ಸಾಲಲ್ಲಿ ಯಾರು ಕೂತಿದಾರೆ ನೋಡಿ ಹಾಡ್ತೀನಿ” ಅಂದಳಂತೆ. ಮನೆಗೆ ಬಂದ ಮೇಲೆ ಅದೇನೇ ಅಂದೆ. “ಅಮ್ಮ ಬಂದು ಕೂತಿದ್ರೆ ‘ಬೆಳಗೇ’ ಅಂತ ಪುಸ್ತಕದಲ್ಲಿರೋದನ್ನೇ ಹಾಡ್ತೀನಿ. ಬಂದು ಕೂತಿರೋರನ್ನ ಬಾ ಅಂತ ಯಾರಾದ್ರೂ ಕರೀತಾರಾ ಲೋಲಾ?” ಎಂದು ಈ ಅಜ್ಜಿಯನ್ನೇ ಕೇಳಿದಳು. ನಿನಗೆ ಹೇಳಬೇಡ ಎಂದೂ ಅಂದಳು. ಒಂದೇ ಒಂದು ಸಲ, ಆ ಮೇಷ್ಟ್ರ ಮಾತೇ ಗೆಲ್ಲಲಿ ಮಗಳೇ.