ನನ್ನ ಹೆಸರಿನ ಬಿಳಿ ಕಾರು

ಮಾರ್ಚ್ 3, ಬೆಳಗ್ಗೆ 5:10

ಹಾಲು: ಎಡಗಡೆ ಹನ್ನೆರಡು ನಿಮಿಷ, ಬಲಗಡೆ ಏಳು. ತೇಗು ಬಂತು. ಮಲಗಿಸಿದ ತಕ್ಷಣ ಕಣ್ಣು ಬಿಟ್ಟಳು. ಮಿಲಿಗೆ ಇಂದಿಗೆ ಐದು ತಿಂಗಳು. ನಾನು ಎರಡು ಗಂಟೆ ಒಂದೇ ಸಮನೆ ಮಲಗಿ ಎಷ್ಟು ದಿನವಾಯಿತೋ… ಮಗು ತಮ್ಮ ಅಪ್ಪನ ಹಾಗಂತೆ, ಅತ್ತೆ ಹೇಳುತ್ತಾರೆ. "ನಮ್ಮಪ್ಪ ನೆಟ್ಟಗೆ ಮಲಗಿದ್ದು ಸತ್ತ ದಿನಾನೇ."

ಫೋನಿಗೆ ಒಂದು ಮೆಸೇಜ್. ನಿಮ್ಮ ವಾಹನದ ಕಡ್ಡಾಯ ವಿಮೆ ಜಾರಿಗೆ ಬಂದಿದೆ. ನಮಗೆಲ್ಲಿಯ ವಾಹನ? ಮಿಲಿಯ ತಳ್ಳುಗಾಡಿಯೂ ನಾದಿನಿ ಕೊಟ್ಟ ಹಳೆಯದು. ಮೋಸಗಾರರ ಕೆಲಸ. ಅಳಿಸಿದೆ.

ಮಾರ್ಚ್ 5, ಮಧ್ಯಾಹ್ನ

ಅಳಿಸಬಾರದಿತ್ತು. ಅದರಲ್ಲಿ ನನ್ನ ಪೂರ್ತಿ ಹೆಸರಿತ್ತು — ರಾನ್ ಶುಯಿಂಗ್.

ಸಂಚಾರ ಪೊಲೀಸರ ಆ್ಯಪ್ ಹಾಕಿಕೊಂಡೆ. ಮುಖ ತೋರಿಸು ಎಂದಿತು. ಮೊದಲ ಸಲ ಗುರುತೇ ಹಿಡಿಯಲಿಲ್ಲ, ನನಗೂ ಆಶ್ಚರ್ಯವಾಗಲಿಲ್ಲ. ಎರಡನೆಯ ಸಲ ತೆರೆಯಿತು. ನಿಮ್ಮ ಹೆಸರಿನಲ್ಲಿ ಒಂದು ವಾಹನ. ಕಾರು. ಬಿಳಿ. ಅದರ ನಂಬರು. ನೋಂದಣಿ ಫೆಬ್ರವರಿ 27.

ನನ್ನ ಗಂಡ ಯೊಂಗ್‌ಚುನ್ ಶೋರೂಮಿನಲ್ಲಿ ನಿಂತು ಮಾರುತ್ತಾನಲ್ಲ, ಅದೇ ಕಂಪನಿಯದು.

ನೆನಪಾಯಿತು. 26ರ ಸಂಜೆ ಗುರುತಿನ ಚೀಟಿ ಕೇಳಿದ್ದ. ಮಿಲಿಯ ಲಸಿಕೆ ಪುಸ್ತಕಕ್ಕೆ ಬೇಕು ಅಂದಿದ್ದ. ಹಾಲು ಕುಡಿಸುತ್ತಾ ಕೂತಲ್ಲೇ ತೂಕಡಿಸುತ್ತಿದ್ದೆ. ಫೋನನ್ನು ನನ್ನ ಮುಖದೆದುರು ಹಿಡಿದು, "ಕಣ್ಣು ಮಿಟುಕಿಸು" ಅಂದ. ಗಂಡ ಹೇಳಿದ, ಮಿಟುಕಿಸಿದೆ.

ಲಸಿಕೆ ಪುಸ್ತಕ ಮಿಲಿ ಹುಟ್ಟಿದ ವಾರವೇ ಆಸ್ಪತ್ರೆಯಲ್ಲಿ ಕೊಟ್ಟಿದ್ದರು.

ಮಾರ್ಚ್ 6

ಬಿಳಿ ಯಾಕೆ? ಹೆಂಗಸರಿಗೆ ಬಿಳಿಯೇ ಚೆಂದ ಅಂತ ಗಿರಾಕಿಗಳಿಗೆ ಹೇಳುವುದು ಅವನೇ. ಯಾವ ಹೆಂಗಸಿಗೆ? ಶೋರೂಮಿಗೆ ಹೊಸದಾಗಿ ಸೇರಿದವಳು ಒಬ್ಬಳಿದ್ದಾಳೆ, ಮೌ ಚಿಂಗ್. ಹೊಸ ವರ್ಷದ ಊಟದ ಫೋಟೋದಲ್ಲಿ ಅವನ ಪಕ್ಕದಲ್ಲೇ ನಿಂತಿದ್ದಳು.

ಅವನ ಬೂಟಿನ ಅಡಿಯಲ್ಲಿ ಕೆಂಪು ಮಣ್ಣು. ಶೋರೂಮಿನ ನೆಲ ಕನ್ನಡಿಯ ಹಾಗಿರುತ್ತದೆ.

ಮಿಲಿಯನ್ನು ಕಟ್ಟಿಕೊಂಡು ಹೋಗಿ ಐದು ಕಟ್ಟಡಗಳ ಕೆಳಗೆ ನಿಂತ ಬಿಳಿ ಕಾರುಗಳ ನಂಬರೆಲ್ಲ ನೋಡಿದೆ. ಕಾವಲಿನವನು ನನ್ನನ್ನೇ ನೋಡುತ್ತಿದ್ದ.

ಮಾರ್ಚ್ 9, ಸಂಜೆ 4

ವಸತಿ ಕಚೇರಿಯ ಕಾಗದ ಬಾಗಿಲಿಗೆ ಅಂಟಿಸಿದ್ದಾರೆ. ಸರ್ಕಾರಿ ಬಾಡಿಗೆ ಮನೆಯವರೆಲ್ಲ 20ರೊಳಗೆ ಅರ್ಜಿ ತುಂಬಬೇಕು. ಮನೆಯವರಲ್ಲಿ ಯಾರ ಹೆಸರಿನಲ್ಲಾದರೂ ಕಾರಿದ್ದರೆ ಮನೆ ಬಿಡಬೇಕು. ಮನೆ ಉಳಿಯುವವರ ಪಟ್ಟಿ 31ಕ್ಕೆ. ಅಲ್ಲಿಯವರೆಗೆ ಯಾವತ್ತು ಬೇಕಾದರೂ ಮತ್ತೆ ತಪಾಸಣೆ ಮಾಡಬಹುದು.

ಈ ಮನೆಗೆ ನಾಲ್ಕು ವರ್ಷ ಕಾದಿದ್ದೇವೆ.

ಅತ್ತೆ ಹಂದಿಕಾಲಿನ ಸಾರು ಕಾಯಿಸುತ್ತಿದ್ದರು, ನನಗೆ ಹಾಲು ಬರಲೆಂದು. ಅವರು ಇರುವುದು ಮಗಳ ಮನೆಯಲ್ಲಿ, ಹಗಲೆಲ್ಲ ಇಲ್ಲಿ. ತಮಾಷೆಗೆ ಕೇಳಿದ ಹಾಗೆ ಕೇಳಿದೆ — ಅಮ್ಮಾ, ನಿಮ್ಮ ಮಗ ಕಾರು ಗೀರು ತಗೊಂಡಿದ್ದಾನಾ?

"ಕಾರಾ? ಕೊಡೆ ತಗೊಳ್ಳೋಕೆ ಮೂರು ಅಂಗಡಿ ಸುತ್ತೋನು ಅವನು." ನಕ್ಕರು. ನಗು ಅರ್ಧಕ್ಕೇ ನಿಂತಿತು. ಸಾರಿನ ಕಡೆ ತಿರುಗಿ ನೊರೆ ತೆಗೆಯುತ್ತಲೇ ಇದ್ದರು, ನೊರೆ ಇಲ್ಲದಿದ್ದರೂ.

ಇವರಿಗೂ ಗೊತ್ತು.

ಮಾರ್ಚ್ 13

ಶೋರೂಮಿಗೆ ಹೋದೆ. ಯೊಂಗ್‌ಚುನ್ ಇರಲಿಲ್ಲ. ಮೌ ಚಿಂಗ್ ಇದ್ದಳು. ಆ್ಯಪ್ ತೆರೆದು ಅವಳ ಮುಂದೆ ಹಿಡಿದೆ. ಮುಖ ಬಿಳುಚಿಕೊಳ್ಳುತ್ತದೆ ಅಂತ ಕಾದೆ.

"ಒಂದೇನಾ ಅಕ್ಕಾ?" ಅಂದಳು. "ನಮ್ಮಮ್ಮನ ಹೆಸರಲ್ಲಿ ಮೂರಿವೆ. ಪಾಪ, ಅವರಿಗೆ ಸೈಕಲ್ಲೂ ಬರಲ್ಲ."

ಮಿಲಿಯನ್ನು ಎತ್ತಿಕೊಂಡು ಅವಳೇ ಬಿಡಿಸಿ ಹೇಳಿದಳು. ಫ್ಯಾಕ್ಟರಿಯಿಂದ ಗಾಡಿ ಬರುವುದು ನಿಲ್ಲುವುದಿಲ್ಲ, ಇಲ್ಲಿ ಕೊಳ್ಳುವವರಿಲ್ಲ. ತಿಂಗಳ ಟಾರ್ಗೆಟ್ ಮಾತ್ರ ಮುಟ್ಟಲೇಬೇಕು. ಅದಕ್ಕೆ ಮನೆಯವರ ಹೆಸರಿಗೆ ಮಾರಿದ ಹಾಗೆ ತೋರಿಸುತ್ತಾರೆ. ಒಬ್ಬರ ಹೆಸರು ಬಿದ್ದ ಮೇಲೆ ಕಾಗದದಲ್ಲಿ ಹೊಸ ಕಾರೂ ಹಳೆಯದೇ. ಹಳೆಯದೆಂದು ರೈಲು ಹತ್ತಿಸಿ ಹೊರದೇಶಕ್ಕೆ ಅಗ್ಗಕ್ಕೆ ಕಳಿಸುತ್ತಾರೆ. ಅಲ್ಲಿಯವರೆಗೆ ಅದು ಮನೆಯವರ ಹೆಸರಿನಲ್ಲೇ. ಈ ಸಲ ಗಡಿಯಾಚೆಯ ವ್ಯಾಪಾರಿ ಸರಕು ಎತ್ತಲು ತಡಮಾಡುತ್ತಿದ್ದಾನಂತೆ.

ರೈಲು ನಿಲ್ದಾಣದ ಹಿಂದಿನ ಬಯಲಿಗೆ ಕರೆದೊಯ್ದು ತೋರಿಸಿದಳು. ಕೆಂಪು ಮಣ್ಣು. ಸಾಲು ಸಾಲು ಬಿಳಿ ಕಾರು, ಚಕ್ರಗಳ ಸುತ್ತ ಹುಲ್ಲು. ಪ್ರತಿ ಗಾಜಿಗೂ ಒಂದು ಚೀಟಿ, ಚೀಟಿಯಲ್ಲಿ ಹೆಸರು. ಬಹುಪಾಲು ಹೆಂಗಸರದೇ. ಹೆಂಡತಿಯರು, ತಾಯಂದಿರು. ಏಳನೇ ಸಾಲಿನಲ್ಲಿ ನಾನು. ನನ್ನ ಹಿಂದೆ ಅತ್ತೆ.

ಬಾಗಿಲಿಗೆ ಬೀಗವಿರಲಿಲ್ಲ. ಹತ್ತಿ ಕೂತೆ. ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿಲ್ಲ. ಓಡಿರುವುದು ಒಂಬತ್ತು ಕಿಲೋಮೀಟರ್. ಮಿಲಿ ಒಂದು ಸಲ ಆಕಳಿಸಿ ಮಲಗಿಬಿಟ್ಟಳು. ಒಂದು ಗಂಟೆ ನಲವತ್ತು ನಿಮಿಷ. ಏಳಲು ನನಗೂ ಮನಸ್ಸಾಗಲಿಲ್ಲ.

ಮಾರ್ಚ್ 14, ಬೆಳಗ್ಗೆ

ಕೇಳಿದೆ. ಯೊಂಗ್‌ಚುನ್ ನೂಡಲ್ಸ್ ಬಟ್ಟಲಿನಿಂದ ತಲೆ ಎತ್ತಲಿಲ್ಲ. ಹೇಳಿದ್ರೆ ನೀನು ಒಪ್ತಿರಲಿಲ್ಲ ಅಂದ. ಹೌದು, ಒಪ್ಪುತ್ತಿರಲಿಲ್ಲ. ಮನೆಯವರ ಹೆಸರು ಕೊಡಲು ಒಪ್ಪದ ನೌಕರರನ್ನು ಮೂರು ತಿಂಗಳಿಂದ ಕೆಲಸದಿಂದ ತೆಗೆಯುತ್ತಿದ್ದಾರಂತೆ. ಗುರುವಾರ ರೈಲು ಹೊರಡುತ್ತದೆ, ಅವತ್ತೇ ಹೆಸರು ಹೋಗುತ್ತದೆ ಅಂದ.

"ಮನೆ ಹೋದ್ರೆ?"

"ಹೋಗಲ್ಲ."

"ಲಸಿಕೆ ಪುಸ್ತಕ ಅಂದ್ಯಲ್ಲ, ಚುನ್. ಮಗೂನ ಯಾಕೆ ಎಳೆದೆ?"

ಇನ್ನು ಯಾವತ್ತೂ ಮಾಡಲ್ಲ ಅಂದ. ಖಾರದ ಎಣ್ಣೆ ಹಾಕಿಕೊಳ್ಳುವುದನ್ನೂ ಮರೆತು ತಿಂದ.

ಮಾರ್ಚ್ 20, ಮಧ್ಯಾಹ್ನ 3

ಬೆಳಗ್ಗೆಯಿಂದ ಹದಿನಾರು ಸಲ ಆ್ಯಪ್ ನೋಡಿದೆ. ಒಂದು. ಒಂದು. ಒಂದು… 2:25ಕ್ಕೆ ಸೊನ್ನೆ. ಓಡಿಹೋಗಿ ಅರ್ಜಿ ಕೊಟ್ಟೆ. ವಾಹನ — ಇಲ್ಲ. ಕಚೇರಿಯ ಹೆಂಗಸು ಕಂಪ್ಯೂಟರ್ ನೋಡಿ ತಲೆಯಾಡಿಸಿದಳು.

ಹಿಂತಿರುಗುವಾಗ ಆ ಕಾರು ಈಗ ಎಲ್ಲಿರಬಹುದು ಅಂದುಕೊಂಡೆ. ಯಾರೋ ಹಳೆಯದೆಂದು ಚೌಕಾಸಿ ಮಾಡುತ್ತಾರೆ. ಪ್ಲಾಸ್ಟಿಕ್ಕಿನ ಮೇಲೆ ಮಿಲಿಯ ಜೊಲ್ಲು ಒಣಗಿರುತ್ತದೆ.

ಗುರುತಿನ ಚೀಟಿಯನ್ನು ಅಕ್ಕಿ ಡಬ್ಬದ ತಳದಲ್ಲಿ ಹೂತಿಟ್ಟೆ.

ಮಾರ್ಚ್ 28, ಮಧ್ಯಾಹ್ನ 1:30

ಕೆಲಸದ ದಿನ, ಯೊಂಗ್‌ಚುನ್ ಮನೆಯಲ್ಲಿದ್ದಾನೆ. ಬರುವಾಗ ಸ್ಟ್ರಾಬೆರಿ ತಂದ. ತೊಟ್ಟು ತೆಗೆದು ತಟ್ಟೆಯಲ್ಲಿಟ್ಟು ಕೊಟ್ಟ. ಮಿಲಿಯನ್ನು ಕೈಯಿಂದ ತೆಗೆದುಕೊಂಡು ಹೇಳಿದ, "ನೀನು ಮಲಗು ಶುಯಿಂಗ್. ಎರಡು ಗಂಟೆ ನಾನು ನೋಡ್ಕೋತೀನಿ." ಮಿಲಿ ಹುಟ್ಟಿದ ಮೇಲೆ ಈ ಮಾತು ಮೊದಲ ಸಲ.

ತಿಂಗಳ ಟಾರ್ಗೆಟ್ ಮುಟ್ಟಲು ಇನ್ನು ಮೂರು ದಿನ. ಮನೆಯ ಪಟ್ಟಿಗೂ ಮೂರೇ ದಿನ.

ಕೋಣೆಯ ಬಾಗಿಲನ್ನು ಅವನೇ ಎಳೆದುಕೊಂಡು ಹೋದ. ಹೊದಿಕೆಯೊಳಗೆ ಬರೆಯುತ್ತಿದ್ದೇನೆ. ಕಣ್ಣು ಎಳೆಯುತ್ತಿದೆ. ಮಲಗಬಾರದು.

ಮೇಜಿನ ಖಾನೆ ಎಳೆದ ಸದ್ದು. ನನ್ನ ಚೀಲದ ಜಿಪ್. ಮಿಲಿ ಅಳುತ್ತಿಲ್ಲ, ಅತ್ತೆಯ ಬಳಿ ಇರಬೇಕು. ಅತ್ತೆ ಏನೋ ಪಿಸುಗುಟ್ಟಿದರು.

ಅಕ್ಕಿ ಡಬ್ಬದ ಮುಚ್ಚಳ. ಅಕ್ಕಿ ನೆಲಕ್ಕೆ ಉದುರುತ್ತಿದೆ.

ಹೆಜ್ಜೆ ಈ ಕಡೆಗೇ. ಬಾಗಿಲು ತೆರೆಯಿತು. ಫೋನಿನ ಬೆಳಕು. ಮಿಟುಕಿಸುವುದಿಲ್ಲ, ಅವನು ಏನೇ ಹೇಳಲಿ ಕಣ್ಣು ಬಿಗಿಯಾಗಿ ಮುಚ್ಚಿ