ಲವಂಗದ ಎಡ ಸಾಲು

ಬುಧವಾರ, ಮಧ್ಯಾಹ್ನ ಮೂರೂವರೆ
ಪ್ರಯೋಗಾಲಯದ ಹಿಂಬದಿಯ ಮೆಟ್ಟಿಲು

ಹದಿನೆಂಟು ನಾಟಕಗಳಲ್ಲಿ ರಾಜನಾಗಿ ಗದ್ದುಗೆಯೇರಿದ ನನ್ನ ಅಮ್ಮನಿಗೆ, ಆ ಗದ್ದುಗೆಯ ಹತ್ತಿರವೂ ಸುಳಿಯದ ಮಗಳ ನಮಸ್ಕಾರಗಳು.

ಎದ್ದು ನಿಂತು ಓದು. ಇದು ಕೂತು ಓದುವ ಕಾಗದವಲ್ಲ. ನಿನ್ನ ಲವಂಗ ಆಕಾಶಕ್ಕೆ ಹೋಗುತ್ತಿದೆ ಅಮ್ಮಾ. ಬಣ್ಣ ಹಚ್ಚಿಕೊಂಡ ಮೇಲೆ, ರಂಗಕ್ಕೆ ಬರುವ ಮುಂಚೆ, ಗಂಟಲಿಗೆಂದು ದವಡೆಯಲ್ಲಿ ಇಟ್ಟುಕೊಳ್ಳುತ್ತಿದ್ದೆಯಲ್ಲ, ಅದೇ ಲವಂಗ.

ಭೂಮಿಯನ್ನು ಸುತ್ತುವ ಬಾಹ್ಯಾಕಾಶ ನಿಲ್ದಾಣದಲ್ಲಿ ಕಿಟಕಿ ತೆರೆಯುವಂತಿಲ್ಲ. ಒಳಗಿರುವವರ ಉಸಿರಿನ ತೇವ ಗೋಡೆಯ ಹಿಂದೆ ಕೂರುತ್ತದೆ. ಅಲ್ಲಿ ಕ್ರಿಮಿಗಳು ಲೋಳೆಯ ಕೋಟೆ ಕಟ್ಟುತ್ತವೆ. ಘಾಟು ಔಷಧಿಯಿಂದ ಒರೆಸೋಣವೆಂದರೆ ಆ ಘಾಟನ್ನೇ ತಿಂಗಳುಗಟ್ಟಲೆ ಉಸಿರಾಡಬೇಕು. ಬಾಯಿಗೇ ಹಾಕಿಕೊಳ್ಳುವ ಲವಂಗ ಇರುವಾಗ ಅದರ ಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಬಾರದೇಕೆ ಎಂದು ಕೇಳಿದವಳು ನಾನು. ಮೇಲೆ ಹೋಗುವ ಪೆಟ್ಟಿಗೆಯಲ್ಲಿ ಉಳಿದಿದ್ದದ್ದು ಒಂದೇ ಒಂದು ಪ್ರಯೋಗಕ್ಕೆ ಜಾಗ. ಅದಕ್ಕೆ ಏಳು ಗುಂಪುಗಳ ಪೈಪೋಟಿ. ಆಯ್ಕೆ ಇವತ್ತು ಬೆಳಿಗ್ಗೆ.

ಈಗ ನಿನ್ನಿಂದ ಮುಚ್ಚಿಟ್ಟಿದ್ದ ಅಂಕ. ಕಳೆದ ಶುಕ್ರವಾರ ನಾನು ಸೋತೇ ಹೋಗಿದ್ದೆ. ಅದೂ ನಿನ್ನಿಂದ.

ಇಪ್ಪತ್ತನಾಲ್ಕು ಗಾಜಿನ ತಟ್ಟೆಗಳಲ್ಲಿ ಕ್ರಿಮಿ ಬಿತ್ತಿದ್ದೆ. ಹನ್ನೆರಡರ ಮೇಲೆ ಲವಂಗದ ಬಟ್ಟೆಯ ಚೂರು, ಹನ್ನೆರಡರ ಮೇಲೆ ಬರೀ ಬಟ್ಟೆ. ಬೆಚ್ಚನೆಯ ಪೆಟ್ಟಿಗೆಯೊಳಗೆ ಎರಡು ಸಾಲು ಜೋಡಿಸಿ, ಪುಸ್ತಕದಲ್ಲಿ ‘ಎಡ ಸಾಲು: ಲವಂಗ’ ಎಂದು ದಪ್ಪಕ್ಷರದಲ್ಲಿ ಬರೆದೆ. ಎರಡು ದಿನ ಕಳೆದ ಮೇಲೆ ನಮ್ಮ ಮುಖ್ಯಸ್ಥೆ ಬಾಗಿಲು ತೆರೆದರು. ಬೆನ್ನ ಹಿಂದೆ ನಾವು ಅವರನ್ನು ಪುರಾವೆ ಮೇಡಂ ಅನ್ನುತ್ತೇವೆ. ಬೆಳಗಾಯಿತು ಎಂದರೂ ಪುರಾವೆ ಕೇಳುವ ಹೆಂಗಸು. ನೋಡಿದರೆ ಎಡ ಸಾಲಿನ ತುಂಬ ಕ್ರಿಮಿಗಳ ದಂಡು. ಬಲ ಸಾಲು ತೊಳೆದಿಟ್ಟ ಹಾಗೆ ಸ್ವಚ್ಛ.

“ಏನಮ್ಮಾ ಇದು, ಕೊಲ್ಲು ಅಂದ್ರೆ ಸಾಕಿ ಬೆಳೆಸಿದೀಯಲ್ಲ,” ಎಂದರು.

ಅಷ್ಟರಲ್ಲಿ ಬುಟ್ಟಿ ಹಿಡಿದು ಬಂದ, ತಟ್ಟೆ ತೊಳೆಯುವ ಅಕ್ಕ ಮೂಗರಳಿಸಿದರು. “ಮೇಡಂ, ನೀವು ಬೈತಿರೋದು ಈ ಕಡೆಗೆ, ಲವಂಗ ಘಮ್ ಅಂತಿರೋದು ಆ ಕಡೆಯಿಂದ. ನೆಗಡಿನಾ ನಿಮಗೆ?”

ಆಗ ಹೊಳೆಯಿತು. ನನಗೆ ಎಂಟು ವರ್ಷವಾಗಿದ್ದಾಗ ನೀನು ದೂತನ ಪಾತ್ರ ಕೊಟ್ಟಿದ್ದೆ. ಎಡದಿಂದ ಬರಬೇಕಾದವಳು ಬಲದಿಂದ ನುಗ್ಗಿ, ನಿನ್ನ ನಿಲುವಂಗಿಗೆ ಸಿಕ್ಕಿಕೊಂಡು ಬಿದ್ದು, ಸಭೆಯೆಲ್ಲ ಹೊಟ್ಟೆ ಹಿಡಿದು ನಕ್ಕಿತಲ್ಲ? ಮಾರನೆಯ ಬೆಳಿಗ್ಗೆ ಖಾಲಿ ರಂಗದ ಮೇಲೆ ನಿಲ್ಲಿಸಿ ನೂರು ಸಲ ಹೇಳಿಸಿದೆ: “ಎಡ ಅಂದ್ರೆ ನೋಡೋರ ಎಡ ಅಲ್ಲ ಕಣೇ, ನಿಂತೋಳ ಎಡ.” ನಾನು ರಂಗ ಬಿಟ್ಟೆ, ಮನೆ ಬಿಟ್ಟೆ, ಆ ಪಾಠ ಮಾತ್ರ ನನ್ನನ್ನು ಬಿಡಲಿಲ್ಲ. ಬಾಗಿಲು ಪರದೆಯಂತೆ ಕಂಡಿತು. ತಟ್ಟೆಗಳು ಸಭೆಗೆ ಮುಖ ಮಾಡಿದ ನಟರಾದವು. ನಾನು ಬರೆದದ್ದು ತಟ್ಟೆಗಳ ಎಡ, ಮೇಡಂ ಓದಿದ್ದು ನೋಡುವವರ ಎಡ.

ಇಷ್ಟನ್ನೂ ಅಭಿನಯಿಸಿ ತೋರಿಸಿದೆ. ಅಕ್ಕ ನಕ್ಕರು, ಮೇಡಂ ನಗಲಿಲ್ಲ. “ಅಕ್ಕನ ಮೂಗು ಸಹಿ ಹಾಕಲ್ಲ. ಫಲ ನೋಡಿದ ಮೇಲೆ ಹೆಸರು ಬದಲಾಯಿಸಿದ್ರೆ ಅದು ಪ್ರಯೋಗ ಅಲ್ಲ, ನಾಟಕ. ಮತ್ತೆ ಮಾಡು. ಒಂದೊಂದು ತಟ್ಟೆ ಮೇಲೂ ಬರಿ.”

ನಾಟಕದ ಅನ್ನ ಉಂಡು ಬೆಳೆದವಳಿಗೆ ಆ ಮಾತು ಕೆಂಡ ತುಳಿದ ಹಾಗಾಯಿತು. ಆದರೆ ಅವರು ಹೇಳಿದ್ದು ಸರಿ. ಶನಿವಾರ ಮತ್ತೆ ಬಿತ್ತಿದೆ. ಸೋಮವಾರ ಬಾಗಿಲು ತೆರೆದಾಗ ಲವಂಗವೆಂದು ಬರೆದ ಹನ್ನೆರಡೂ ಸ್ವಚ್ಛ. ಮೇಡಂ ಮೂರು ಸಲ ಎಣಿಸಿದರು. ನಾಲ್ಕನೆಯ ಸಲ, ಎಣಿಸುವುದಕ್ಕೇನೂ ಇರಲಿಲ್ಲ, ಸುಮ್ಮನೆ ನೋಡುತ್ತ ನಿಂತರು.

ಇವತ್ತು ಐದು ಜನ ತೀರ್ಪುಗಾರರ ಮುಂದೆ ಹತ್ತು ನಿಮಿಷ ಮಾತಾಡಬೇಕಿತ್ತು. ಹೊರಗಿನ ಪಡಸಾಲೆಯಲ್ಲಿ ಒಂದು ಲವಂಗ ದವಡೆಗಿಟ್ಟುಕೊಂಡೆ. ಒಳಗೆ ಹೋಗಿ ಬಾಯಿ ತೆರೆದರೆ ಹೊರಟದ್ದು ನಿನ್ನ ದನಿ, ಗದ್ದುಗೆಯ ಮೇಲಿನ ದನಿ. ಕೊನೆಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದವರೊಬ್ಬರು ಬೆಚ್ಚಿ ಎದ್ದು ಕೂತರು. ಮಧ್ಯಾಹ್ನ ಎರಡಕ್ಕೆ ಫಲಕದ ಮೇಲೆ ಅಂಟಿಸಿದ ಹಾಳೆಯಲ್ಲಿ ಒಂದೇ ಹೆಸರು: ಲವಂಗ.

ಪೆಟ್ಟಿಗೆ ಮೇಲೇರುವ ದಿನ ನೋಡಲು ಮನೆಯವರೊಬ್ಬರಿಗೆ ಕುರ್ಚಿ ಕೊಡುತ್ತಾರೆ. ನೀನು ಬಾ. ಆವತ್ತು ಒಂದು ದಿನ ನೋಡುವವರ ಕಡೆ ಕೂರು. ಆವತ್ತಿಗೆ ನಿನ್ನ ಎಡವೇ ಎಡ.

ಇಪ್ಪತ್ತೆರಡು ವರ್ಷ ತಡವಾಗಿ ಸುದ್ದಿ ತಂದ
ನಿನ್ನ ದೂತ

ತಾ.ಕ.: ದೂತನಾಗಿ ಬಿದ್ದ ಆ ದಿನ ನನಗೆ ಎಡ-ಬಲ ತಪ್ಪಿರಲಿಲ್ಲ ಅಮ್ಮಾ. ನಾನು ಬರಬೇಕಿದ್ದ ಎಡಗಡೆಯ ಪರದೆ ಸಂದಿಯಲ್ಲಿ ನಿಂತು ನೋಡಿದರೆ ಎದುರಿನ ಮರೆಯಲ್ಲಿ ನೀನಿದ್ದೆ. ಕಿರೀಟ, ಮೀಸೆ, ದವಡೆಯಲ್ಲಿ ಲವಂಗ, ಎಲ್ಲ ಸರಿಯಾಗಿತ್ತು. ಕತ್ತಿ ಹಿಡಿದ ಕೈ ಮಾತ್ರ ಗಡಗಡ ನಡುಗುತ್ತಿತ್ತು. ರಂಗದ ಹಿಂದಿನಿಂದ ಓಡಿ ನಿನ್ನ ಪಕ್ಕಕ್ಕೆ ಬಂದೆ. ಕೈ ಹಿಡಿದುಕೊಳ್ಳುವಷ್ಟರಲ್ಲಿ ಪರದೆ ಎದ್ದುಬಿಟ್ಟಿತು.